ಕಾಲು, ಕೈಚಕ್ರ, ಸೂಜಿ: ಸಾಧಾರಣ ಹೊಲಿಗೆ ಯಂತ್ರವನ್ನು ಹಿಡಿತಕ್ಕೆ ತರುವ ಬಗೆ

ಹೊಲಿಗೆ ಕಲಿಯುತ್ತಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ರವಿಕೆಯ ಚೌಕ ಕತ್ತನ್ನು ಹೊಲಿಯುವಾಗ ಸೂಜಿ ಮೂಲೆಯಲ್ಲಿ ನಿಲ್ಲದೆ ಎರಡು ಮೂರು ಹೊಲಿಗೆ ಮುಂದಕ್ಕೆ ಓಡಿಬಿಡುತ್ತದೆ, ಇದಕ್ಕೇನು ಮಾಡಬೇಕು ಎಂಬುದು ಮೊದಲನೆಯದು. ಹೊಲಿಗೆ ಆರಂಭಿಸಿದ ಕೂಡಲೇ ಸೂಜಿಯ ಕಣ್ಣಿನಿಂದ ದಾರ ಕಳಚಿಕೊಳ್ಳುತ್ತದೆ, ಇಲ್ಲವೇ ಬಟ್ಟೆಯ ಅಡಿಯಲ್ಲಿ ಗೂಡು ಕಟ್ಟುತ್ತದೆ ಎಂಬುದು ಎರಡನೆಯದು. ಹಳೆಯ ಯಂತ್ರಕ್ಕೆ ಮೋಟರ್ ಹಾಕಿಸಿದ ಮೇಲೆ ಪೆಡಲ್ ಮುಟ್ಟಿದರೆ ಸಾಕು ಯಂತ್ರ ಹಾರಿಹೋಗುತ್ತದೆ, ನಿಧಾನವಾಗಿ ಓಡಿಸುವುದು ಹೇಗೆ ಎಂಬುದು ಮೂರನೆಯದು. ಕೇಳುವಾಗ ಬೇರೆ ಬೇರೆಯಾಗಿ ಕಾಣುವ ಈ ಮೂರೂ ತೊಂದರೆಗಳ ಬೇರು ಒಂದೇ ಆಗಿದೆ. ಸೂಜಿಯನ್ನು ಬೇಕಾದ ಜಾಗದಲ್ಲಿ ನಿಲ್ಲಿಸುವ ಕೆಲಸವನ್ನು ನಾವು ಪೂರ್ತಿಯಾಗಿ ಕಾಲಿಗೆ ಒಪ್ಪಿಸಿಬಿಟ್ಟಿರುತ್ತೇವೆ. ಸಾಧಾರಣ ಯಂತ್ರದಲ್ಲಿ ಕಾಲು ನಿಮ್ಮನ್ನು ಆ ಜಾಗದ ಹತ್ತಿರಕ್ಕೆ ಮಾತ್ರ ಕರೆದೊಯ್ಯಬಲ್ಲದು, ಕೊನೆಯ ಎರಡು ಮೂರು ಹೊಲಿಗೆಗಳನ್ನು ಕೈಯೇ ಹಾಕಬೇಕು.

ಈ ಲೇಖನ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮೂರು ಬಗೆಯ ಯಂತ್ರಗಳಿಗೆ ಅನ್ವಯಿಸುತ್ತದೆ: ಕಾಲಿನಿಂದ ತುಳಿಯುವ ಕಪ್ಪು ಬಣ್ಣದ ಕಬ್ಬಿಣದ ಯಂತ್ರ, ಅದಕ್ಕೇ ಚಿಕ್ಕ ಮೋಟರ್ ಜೋಡಿಸಿದ ಯಂತ್ರ, ಮತ್ತು ಮೋಟರ್ ಒಳಗೇ ಇರುವ, ಜಿಗ್‌ಜಾಗ್ ಹೊಲಿಗೆಯನ್ನೂ ಹಾಕುವ ಪ್ಲಾಸ್ಟಿಕ್ ಮೈಯ ಅಗ್ಗದ ವಿದ್ಯುತ್ ಯಂತ್ರ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದಾಗಿದ್ದು, ಉಪಕರಣಗಳಿಗೆಂದು 15,000 ರೂಪಾಯಿಯವರೆಗೆ ನೆರವು ದೊರೆಯುವುದರಿಂದ ಹೊಸದಾಗಿ ಯಂತ್ರದ ಮುಂದೆ ಕುಳಿತವರು ಈಗ ಹಲವರಿದ್ದಾರೆ. ಅವರಿಗೂ ಇಲ್ಲಿ ಹೇಳಿರುವ ಕ್ರಮವೇ ಸಾಕಾಗುತ್ತದೆ.

ಬೇಕಾಗುವ ವಸ್ತುಗಳು

ಗೆರೆ ಹಾಕಿದ ನೋಟ್‌ಪುಸ್ತಕದ ನಾಲ್ಕಾರು ಹಾಳೆಗಳು, ಮೊನೆ ಮೊಂಡಾದ ಒಂದು ಹಳೆಯ ಸೂಜಿ, 14ನೇ ನಂಬರಿನ ಒಂದು ಹೊಸ ಸೂಜಿ, ಗಂಜಿ ಹಾಕದ ಹತ್ತಿ ಬಟ್ಟೆಯ ತುಂಡುಗಳು, ಸೀಮೆಸುಣ್ಣ, ಎರಡು ಬಣ್ಣದ ಉಗುರುಬಣ್ಣ ಮತ್ತು ಹೊಲಿಗೆ ಯಂತ್ರದ ಎಣ್ಣೆ ಇದ್ದರೆ ಸಾಕು. ಎಣ್ಣೆಯ ವಿಚಾರದಲ್ಲಿ ಮಾತ್ರ ರಾಜಿ ಬೇಡ. ಮನೆಯಲ್ಲಿದೆಯೆಂದು ಕೊಬ್ಬರಿ ಎಣ್ಣೆ ಬಿಟ್ಟರೆ ಅದು ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಅಂಟು ಹಿಡಿದ ಯಂತ್ರ ಮೊದಲು ಅಲುಗದೆ ನಿಂತು, ಆಮೇಲೆ ಒಮ್ಮೆಲೇ ಕಿತ್ತುಕೊಂಡು ಓಡುವುದರಿಂದ ನಿಧಾನ ವೇಗ ಎಂಬುದು ಅಂತಹ ಯಂತ್ರದಲ್ಲಿ ಸಾಧ್ಯವೇ ಇಲ್ಲ. ವೇಗದ ದೂರುಗಳಲ್ಲಿ ಎಷ್ಟೋ ಬಾರಿ ತಪ್ಪು ಕಾಲಿನದಲ್ಲ, ಎಣ್ಣೆಯದು.

ಮುಂದೆ ಬರುವ ಕೆಲವು ಹೆಸರುಗಳನ್ನು ಮೊದಲೇ ತಿಳಿದಿಟ್ಟುಕೊಳ್ಳಿ. ಯಂತ್ರದ ಬಲಬದಿಯಲ್ಲಿ ಕೈಯಿಂದ ತಿರುಗಿಸುವ ಚಕ್ರವನ್ನು ಕೈಚಕ್ರ ಎಂದು ಕರೆಯೋಣ. ಅದರ ನಡುವಿನ ದೊಡ್ಡ ತಿರುಪು ಸ್ಟಾಪ್ ಮೋಷನ್ ಸ್ಕ್ರೂ. ಅಡಿದಾರವನ್ನು ಸುತ್ತಿಡುವ ಚಿಕ್ಕ ಉರುಳೆಯಾದ ಬಾಬಿನ್‌ಗೆ ದಾರ ಸುತ್ತುವಾಗ ಸೂಜಿ ಓಡದಂತೆ ಮಾಡಲು ಅದನ್ನು ಸಡಿಲಿಸುತ್ತಾರೆ. ಯಂತ್ರದ ಎಡ ತಲೆಯಲ್ಲಿ ಮೇಲೆ ಕೆಳಗೆ ಆಡುತ್ತ ದಾರವನ್ನು ಎಳೆದು ಬಿಡುವ, ತೂತಿರುವ ತೋಳನ್ನು ಟೇಕ್‌ಅಪ್ ಲಿವರ್ ಎನ್ನುತ್ತಾರೆ. ಇಲ್ಲಿ ಚಿಕ್ಕದಾಗಿ ಲಿವರ್ ಎಂದಿದ್ದೇನೆ. ಬಟ್ಟೆಯನ್ನು ಮೇಲಿನಿಂದ ಒತ್ತುವುದು ಒತ್ತುಪಾದ, ಕೆಳಗಿನಿಂದ ಮುಂದಕ್ಕೆ ತಳ್ಳುವುದು ಹಲ್ಲುಪಟ್ಟಿ, ಬಾಬಿನ್ನಿನ ಸುತ್ತ ತಿರುಗಿ ಮೇಲಿನ ದಾರವನ್ನು ಹಿಡಿಯುವ ಕೊಕ್ಕೆಯೇ ಹುಕ್ಕು.

1. ಮೊದಲು ಒಂದೇ ಒಂದು ಹೊಲಿಗೆಯನ್ನು ಕೈಯಿಂದ ಹಾಕಿ ನೋಡಿ

ಈ ಹಂತವನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು, ಆದರೆ ಉಳಿದ ಹಂತಗಳೆಲ್ಲ ಇದರ ಮೇಲೆ ನಿಂತಿವೆ. ಯಂತ್ರಕ್ಕೆ ದಾರ ಪೋಣಿಸಿ, ಒಂದು ತುಂಡು ಬಟ್ಟೆಯಿಟ್ಟು, ಒತ್ತುಪಾದವನ್ನು ಇಳಿಸಿ, ಕೈಚಕ್ರದ ಮೇಲ್ಭಾಗ ನಿಮ್ಮ ಕಡೆಗೆ ಬರುವಂತೆ ಬಹಳ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಮನೆಬಳಕೆಯ ಯಂತ್ರಗಳಲ್ಲಿ ಕೈಚಕ್ರದ ಒಂದು ಸುತ್ತು ಎಂದರೆ ಒಂದು ಹೊಲಿಗೆ.

ಸೂಜಿ ಇಳಿದು ಬಟ್ಟೆಯನ್ನು ತೂರಿ ಅತ್ಯಂತ ಕೆಳಗಿನ ಹಂತವನ್ನು ಮುಟ್ಟುತ್ತದೆ. ಅಲ್ಲಿಂದ ಅದು ಸುಮಾರು 2 ಮಿ.ಮೀ.ಗಿಂತ ತುಸು ಹೆಚ್ಚು ಮೇಲೇರುವಷ್ಟರಲ್ಲಿ ಕಣ್ಣಿನ ಬಳಿ ದಾರ ಸಡಿಲಗೊಂಡು ಚಿಕ್ಕ ಕುಣಿಕೆಯಾಗುತ್ತದೆ, ಆ ಕುಣಿಕೆಯೊಳಗೆ ಹುಕ್ಕಿನ ಮೊನೆ ನುಗ್ಗುತ್ತದೆ. ಹೊಲಿಗೆ ಹುಟ್ಟುವುದು ಸೂಜಿ ಇಳಿದಾಗಲ್ಲ, ಇಳಿದು ಏರತೊಡಗಿದಾಗ. ಬಳಿಕ ಹುಕ್ಕು ಕುಣಿಕೆಯನ್ನು ಬಾಬಿನ್ನಿನ ಸುತ್ತ ಹಾಯಿಸುತ್ತದೆ, ಲಿವರ್ ಕೆಳಗಿಳಿದು ಅದಕ್ಕೆ ಬೇಕಾದಷ್ಟು ದಾರವನ್ನು ಬಿಟ್ಟುಕೊಡುತ್ತದೆ, ಆಮೇಲೆ ಅದೇ ಲಿವರ್ ರಭಸದಿಂದ ಮೇಲೇರಿ ದಾರವನ್ನು ಬಿಗಿಯುತ್ತದೆ.

ಈಗ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಿ. ಸೂಜಿ ತನ್ನ ತುತ್ತತುದಿಯನ್ನು ಮುಟ್ಟಿದಾಗ ಲಿವರ್ ಇನ್ನೂ ಏರುತ್ತಲೇ ಇರುತ್ತದೆ. ಲಿವರ್ ತುದಿ ಮುಟ್ಟುವ ಹೊತ್ತಿಗೆ ಸೂಜಿ ಆಗಲೇ ಸ್ವಲ್ಪ ಇಳಿಯತೊಡಗಿರುತ್ತದೆ. ಆದ್ದರಿಂದ ಸೂಜಿ ಮೇಲಿದೆ ಎಂದು ನೋಡಿ ನಿಲ್ಲಿಸಿದರೆ ಹೊಲಿಗೆ ಪೂರ್ತಿಯಾಗಿರುವುದಿಲ್ಲ. ಮತ್ತೆ ಆರಂಭಿಸಿದಾಗ ಲಿವರ್ ತನ್ನ ಉಳಿದ ಏರಿಕೆಗೆ ಬೇಕಾದ ದಾರವನ್ನು ಸೂಜಿಯ ಕಡೆಯಿಂದ ಎಳೆದುಕೊಳ್ಳುತ್ತದೆ, ದಾರ ಕಣ್ಣಿನಿಂದ ಕಳಚಿಹೋಗುತ್ತದೆ. ಎರಡನೆಯ ಪ್ರಶ್ನೆಯ ಅರ್ಧ ಉತ್ತರ ಇಲ್ಲಿಯೇ ಇದೆ. ನಿಲ್ಲಿಸುವಾಗ ಸೂಜಿಯನ್ನು ನೋಡಬೇಡಿ, ಲಿವರನ್ನು ನೋಡಿ.

2. ಕೈಚಕ್ರದ ಮೇಲೆ ಎರಡು ಗುರುತು ಹಾಕಿ

ದುಬಾರಿ ಯಂತ್ರಗಳಲ್ಲಿ ಸೂಜಿಯನ್ನು ಮೇಲೆ ಅಥವಾ ಕೆಳಗೆ ನಿಲ್ಲಿಸುವ ಗುಂಡಿ ಇರುತ್ತದೆ. ಸಾಧಾರಣ ಯಂತ್ರದಲ್ಲಿ ಆ ಗುಂಡಿಯ ಕೆಲಸವನ್ನು ಉಗುರುಬಣ್ಣದ ಎರಡು ಚುಕ್ಕೆಗಳು ಮಾಡುತ್ತವೆ. ಲಿವರ್ ತುತ್ತತುದಿಯಲ್ಲಿರುವಂತೆ ಚಕ್ರವನ್ನು ನಿಲ್ಲಿಸಿ, ಚಕ್ರದ ಅಂಚಿನಲ್ಲಿ ಆಗ ಅತ್ಯಂತ ಮೇಲೆ ಬಂದಿರುವ ಜಾಗಕ್ಕೆ ಕೆಂಪು ಚುಕ್ಕೆ ಇಡಿ. ಬಳಿಕ ಸೂಜಿ ತಳ ಮುಟ್ಟಿ ಕೂದಲೆಳೆಯಷ್ಟೇ ಮೇಲೇರಿದ ಸ್ಥಿತಿಯಲ್ಲಿ ನಿಲ್ಲಿಸಿ, ಆಗ ಮೇಲೆ ಬಂದಿರುವ ಜಾಗಕ್ಕೆ ಬಿಳಿ ಚುಕ್ಕೆ ಇಡಿ. ಇನ್ನು ಮೇಲೆ ಕೆಂಪು ಚುಕ್ಕೆ ಮೇಲಿದ್ದರೆ ಬಟ್ಟೆಯನ್ನು ತೆಗೆಯಬಹುದು, ಬಿಳಿ ಚುಕ್ಕೆ ಮೇಲಿದ್ದರೆ ಬಟ್ಟೆಯನ್ನು ತಿರುಗಿಸಬಹುದು. ಬಗ್ಗಿ ನೋಡದೆ, ಕಣ್ಣಂಚಿನಲ್ಲೇ ಸೂಜಿಯ ಸ್ಥಾನ ತಿಳಿಯುತ್ತದೆ.

ಇಲ್ಲಿ ಒಂದು ಮೋಸವಿದೆ. ಬಾಬಿನ್ ಸುತ್ತಲೆಂದು ಸ್ಟಾಪ್ ಮೋಷನ್ ಸ್ಕ್ರೂವನ್ನು ಸಡಿಲಿಸಿದಾಗ ಕೈಚಕ್ರ ಒಳಗಿನ ದಂಡವನ್ನು ಬಿಟ್ಟು ತಾನೊಂದೇ ತಿರುಗುತ್ತದೆ. ಮತ್ತೆ ಬಿಗಿ ಮಾಡುವಾಗ ಅದು ಯಾವ ಕೋನದಲ್ಲಿ ಬೇಕಾದರೂ ಕಚ್ಚಿಕೊಳ್ಳಬಹುದು. ಅಂದರೆ ನೀವು ಹಾಕಿದ ಗುರುತು ಸುಳ್ಳಾಗುತ್ತದೆ. ಪರಿಹಾರ ಸುಲಭ. ಬಾಬಿನ್ ಸುತ್ತಿದ ಮೇಲೆ ಲಿವರ್ ತುದಿಯಲ್ಲಿದೆಯೇ ಎಂದು ನೋಡಿಕೊಂಡು, ಕೆಂಪು ಚುಕ್ಕೆಯನ್ನು ಮೇಲಕ್ಕೆ ತಂದು, ಚಕ್ರವನ್ನು ಎಡಗೈಯಲ್ಲಿ ಅಲುಗದಂತೆ ಹಿಡಿದು ಬಲಗೈಯಲ್ಲಿ ಸ್ಕ್ರೂ ಬಿಗಿಯಿರಿ. ಸ್ಕ್ರೂ ಅರೆಬಿಗಿಯಾಗಿ ಉಳಿದರೆ ದಪ್ಪ ಬಟ್ಟೆ ಬಂದಾಗ ಚಕ್ರ ತಿರುಗಿ ಸೂಜಿ ನಿಂತುಬಿಡುತ್ತದೆ, ನೀವು ಬೆಲ್ಟನ್ನು ದೂರುತ್ತ ಕೂರುತ್ತೀರಿ.

3. ಸೂಜಿ ಸರಿಯಾಗಿ ಕುಳಿತಿದೆಯೇ ನೋಡಿ

ಮನೆ ಯಂತ್ರದ ಸೂಜಿಯ ಮೇಲ್ತುದಿ ಒಂದು ಬದಿಗೆ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ಬದಿ ಹುಕ್ಕಿನ ಕಡೆಗಿರಬೇಕು, ಉದ್ದ ಗೀರಿರುವ ಬದಿಯಿಂದ ದಾರ ಪೋಣಿಸಬೇಕು. ಸೂಜಿಯನ್ನು ತಡೆ ಸಿಗುವವರೆಗೂ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿಯಬೇಕು. 1 ಮಿ.ಮೀ. ಕೆಳಗೆ ಉಳಿದರೂ ಹುಕ್ಕಿಗೆ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತದೆ, ಮತ್ತು ಆಗ ನೀವು ಹಾಕಿದ ಬಿಳಿ ಗುರುತಿಗೆ ಅರ್ಥವಿರುವುದಿಲ್ಲ. ತೆಳು ರೇಷ್ಮೆ, ಜಾರ್ಜೆಟ್‌ಗಳಿಗೆ 11, ಸಾಧಾರಣ ಹತ್ತಿಗೆ 14, ಪ್ಯಾಂಟಿನ ದಪ್ಪ ಬಟ್ಟೆಗೆ 16, ಜೀನ್ಸ್ ಮಡಿಕೆಗೆ 18ನೇ ನಂಬರಿನ ಸೂಜಿ ಹೊಂದುತ್ತದೆ.

4. ತುಳಿಯುವ ಯಂತ್ರದಲ್ಲಿ ವೇಗ

ದಾರ ತೆಗೆಯಿರಿ, ಒತ್ತುಪಾದವನ್ನು ಎತ್ತಿಡಿ, ಸ್ಟಾಪ್ ಮೋಷನ್ ಸ್ಕ್ರೂವನ್ನು ಸಡಿಲಿಸಿ. ಬಟ್ಟೆಯಿಲ್ಲದೆ ಒತ್ತುಪಾದ ಇಳಿಸಿ ಓಡಿಸಿದರೆ ಹಲ್ಲುಪಟ್ಟಿ ಅದರ ಅಡಿಯನ್ನು ಗೀಚಿ ಹಾಳುಮಾಡುತ್ತದೆ ಎಂಬುದು ನೆನಪಿರಲಿ. ಎರಡೂ ಪಾದಗಳನ್ನು ತುಳಿಯುವ ಮಣೆಯ ಮೇಲೆ ಇಡಿ, ಬಲಪಾದ ಎಡಪಾದಕ್ಕಿಂತ ಅರ್ಧ ಪಾದದಷ್ಟು ಮುಂದಿರಲಿ. ಮುಂಗಾಲಿನಿಂದ ಒತ್ತಿದಾಗ ಮಣೆಯ ಮುಂದಿನಂಚು ಇಳಿಯುತ್ತದೆ, ಹಿಮ್ಮಡಿಯಿಂದ ಒತ್ತಿದಾಗ ಹಿಂದಿನಂಚು ಇಳಿಯುತ್ತದೆ. ಈ ಎರಡು ಒತ್ತುಗಳ ನಡುವೆ ಬಿಡುವಿರದಿದ್ದರೆ ಚಕ್ರ ಸಮನಾಗಿ ತಿರುಗುತ್ತದೆ. ಮುಂಗಾಲನ್ನು ಮಾತ್ರ ಬಳಸಿದರೆ ಯಂತ್ರ ಕುಂಟುತ್ತದೆ.

ಹೊಸಬರಿಗೆ ಆಗುವ ದೊಡ್ಡ ತೊಂದರೆ ಚಕ್ರ ಹಿಂದಕ್ಕೆ ತಿರುಗುವುದು. ಮಣೆಗೆ ದಿಕ್ಕು ತಿಳಿಯದು. ಚಕ್ರ ಯಾವ ಕಡೆ ಹೊರಟಿದೆಯೋ ಅದೇ ಕಡೆಗೆ ತುಳಿತ ಅದನ್ನು ಓಡಿಸುತ್ತದೆ. ಹಿಂದಕ್ಕೆ ಅರ್ಧ ಸುತ್ತು ಹೋದರೂ ದಾರ ಹುಕ್ಕಿಗೆ ಸುತ್ತಿಕೊಂಡು ಅಡಿಯಲ್ಲಿ ಗೂಡು ಕಟ್ಟುತ್ತದೆ. ಆದ್ದರಿಂದ ಪ್ರತಿ ಬಾರಿಯೂ ಬಲಗೈಯಿಂದ ಚಕ್ರವನ್ನು ನಿಮ್ಮ ಕಡೆಗೆ ಒಮ್ಮೆ ನೂಕಿದ ಮೇಲೆಯೇ ಕಾಲು ಒತ್ತಿ. ಮಣೆಯನ್ನು ಕೆಳಗಿನ ದೊಡ್ಡ ಚಕ್ರಕ್ಕೆ ಜೋಡಿಸುವ ಕಂಬಿ ನೇರ ಮೇಲೆ ಅಥವಾ ನೇರ ಕೆಳಗೆ ನಿಂತಿರುವಾಗ ಎಷ್ಟು ತುಳಿದರೂ ಚಕ್ರ ಅಲುಗುವುದಿಲ್ಲ. ಆಗಲೂ ಕೈಯ ನೂಕೇ ಬೇಕು.

ಇನ್ನು ಲೆಕ್ಕ. ಕೆಳಗಿನ ದೊಡ್ಡ ಚಕ್ರದಲ್ಲಿ ಬೆಲ್ಟ್ ಕೂರುವ ತೋಡಿನ ವ್ಯಾಸ 12 ಇಂಚು, ಕೈಚಕ್ರದ ತೋಡಿನ ವ್ಯಾಸ 3 ಇಂಚು ಇದ್ದರೆ, ಒಂದು ಪೂರ್ತಿ ತುಳಿತಕ್ಕೆ 4 ಹೊಲಿಗೆ ಬೀಳುತ್ತವೆ. ನಿಮ್ಮ ಯಂತ್ರದ್ದನ್ನು ನೀವೇ ಎಣಿಸಿ ನೋಡಿ. ಹೊಲಿಗೆಯ ಉದ್ದ 2.5 ಮಿ.ಮೀ. ಇಟ್ಟಿದ್ದರೆ 4 ಹೊಲಿಗೆ ಎಂದರೆ ಸರಿಯಾಗಿ 1 ಸೆಂ.ಮೀ. ತುಳಿತವನ್ನು ಎಣಿಸುತ್ತ ಮೂಲೆಗೆ ಇನ್ನೆಷ್ಟು ಉಳಿದಿದೆ ಎಂದು ಹೇಳಬಹುದಾದ ಈ ಅನುಕೂಲ ಮೋಟರಿನ ಯಂತ್ರದಲ್ಲಿಲ್ಲ. ತುಳಿಯುವ ಯಂತ್ರ ಹಳತಾಯಿತೆಂದು ಮೂಲೆಗೆ ತಳ್ಳುವವರು ಇದನ್ನೊಮ್ಮೆ ಯೋಚಿಸಬೇಕು.

ಖಾಲಿ ತುಳಿತ ಸಮನಾದ ಮೇಲೆ ಸ್ಕ್ರೂ ಬಿಗಿದು, ಹಳೆಯ ಸೂಜಿ ಹಾಕಿ, ದಾರವಿಲ್ಲದೆ ಗೆರೆ ಹಾಳೆಯ ಮೇಲೆ ಓಡಿಸಿ. ಮೊದಲ ಹಾಳೆಯಲ್ಲಿ ಗೆರೆಯ ಮೇಲೆ ನೇರ ಹೋಗುವುದಷ್ಟೇ ಗುರಿಯಾಗಿರಲಿ. ಎರಡನೆಯದರಲ್ಲಿ ಅಂಚಿನ ಗೆರೆ ಬಂದಲ್ಲೆಲ್ಲ ನಿಲ್ಲಿ. ನಿಲ್ಲಿಸಲು ಕಾಲಿನಿಂದ ಮಣೆಯನ್ನು ಬಿಗಿ ಹಿಡಿಯಬೇಡಿ, ಅದು ಚಕ್ರವನ್ನು ಹಿಂದಕ್ಕೆ ನೂಕಬಹುದು. ಪಾದವನ್ನು ಸಡಿಲಬಿಟ್ಟು ಬಲ ಅಂಗೈಯನ್ನು ಕೈಚಕ್ರದ ಅಂಚಿಗೆ ಮೆತ್ತಗೆ ತಾಗಿಸಿದರೆ ಸಾಕು, ಅಂಗೈಯೇ ಬ್ರೇಕ್ ಆಗುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರ ಮಾಡಿದರೆ ಕಾಲಿಗೂ ಅಂಗೈಗೂ ಹೊಂದಾಣಿಕೆ ಕೂಡಿಬರುತ್ತದೆ.

ಚರ್ಮದ ಬೆಲ್ಟ್ ಸಡಿಲವಾಗಿದ್ದರೆ ಈ ಅಭ್ಯಾಸವೆಲ್ಲ ವ್ಯರ್ಥ. ನೀವು ತುಳಿದಷ್ಟು ಯಂತ್ರ ಓಡದೆ, ಒಮ್ಮೆ ಜಾರಿ ಒಮ್ಮೆ ಹಿಡಿದು ವೇಗ ಏರುಪೇರಾಗುತ್ತದೆ. ಬೆಲ್ಟಿನ ಕೊಂಡಿಯನ್ನು ಬಿಚ್ಚಿ ಕಾಲು ಇಂಚಿನಷ್ಟು ಕತ್ತರಿಸಿ ಮತ್ತೆ ತೂತು ಹಾಕಿ ಸೇರಿಸಿ. ಒಮ್ಮೆಗೇ ಹೆಚ್ಚು ಕತ್ತರಿಸಬಾರದು, ಕತ್ತರಿಸಿದ ಬೆಲ್ಟ್ ಬೆಳೆಯುವುದಿಲ್ಲ. ಬೆಲ್ಟಿಗೆ ಎಣ್ಣೆ ತಾಗಿದ್ದರೆ ಒಣ ಬಟ್ಟೆಯಿಂದ ಒರೆಸಿ.

5. ಮೋಟರ್ ಮತ್ತು ಪೆಡಲ್

ಮನೆ ಯಂತ್ರಗಳಿಗೆ ಹೊರಗಿನಿಂದ ಹಾಕುವ ಚಿಕ್ಕ ಮೋಟರ್ ಸಾಮಾನ್ಯವಾಗಿ ಸೀರೀಸ್ ಬಗೆಯದು, ಅಂದರೆ ಮಿಕ್ಸಿಯಲ್ಲಿರುವಂತೆ ಇದ್ದಿಲಿನ ತುಂಡುಗಳು, ಅಂದರೆ ಕಾರ್ಬನ್ ಬ್ರಷ್‌ಗಳು, ಇರುವ ಮೋಟರ್. ಇದರ ಸ್ವಭಾವವನ್ನು ತಿಳಿದರೆ ಅದು ಹಾರುವುದೇಕೆಂದು ಅರ್ಥವಾಗುತ್ತದೆ. ಪೆಡಲನ್ನು ಒತ್ತಿದಷ್ಟೂ ಅದಕ್ಕೆ ಹೆಚ್ಚು ವಿದ್ಯುತ್ ಹರಿಯುತ್ತದೆ. ಆದರೆ ಕಡಿಮೆ ವಿದ್ಯುತ್ತಿನಲ್ಲಿ ನಿಂತ ಯಂತ್ರವನ್ನು ಅಲುಗಿಸುವ ಕಸುವು ಅದಕ್ಕಿರುವುದಿಲ್ಲ. ಆದ್ದರಿಂದ ಪೆಡಲನ್ನು ಮೆಲ್ಲಗೆ ಒತ್ತಿದಾಗ ಮೋಟರ್ ಗುಂಯ್ ಎನ್ನುತ್ತ ನಿಂತಿರುತ್ತದೆ, ನೀವು ಇನ್ನಷ್ಟು ಒತ್ತುತ್ತೀರಿ, ಯಂತ್ರ ಅಲುಗಿದ ಮರುಕ್ಷಣ ಆ ಹೆಚ್ಚುವರಿ ಶಕ್ತಿಯೆಲ್ಲ ವೇಗವಾಗಿ ಮಾರ್ಪಡುತ್ತದೆ.

ಇದಕ್ಕೆ ಮದ್ದು ಕೈಯಲ್ಲಿದೆ. ಪೆಡಲ್ ಮೆಲ್ಲಗೆ ಒತ್ತಿ ಗುಂಯ್ ಶಬ್ದ ಕೇಳಿದೊಡನೆ ಕೈಚಕ್ರವನ್ನು ನಿಮ್ಮ ಕಡೆಗೆ ತುಸು ನೂಕಿ. ಯಂತ್ರ ನಿಧಾನ ವೇಗದಲ್ಲೇ ಹೊರಡುತ್ತದೆ, ಕಾಲನ್ನು ಇನ್ನಷ್ಟು ಒತ್ತುವ ಅಗತ್ಯವೇ ಬರುವುದಿಲ್ಲ. ನೂಕಿದರೂ ಹೊರಡದಿದ್ದರೆ ಪೆಡಲಿನಿಂದ ಕಾಲು ತೆಗೆಯಿರಿ. ತಿರುಗದ ಮೋಟರಿಗೆ ವಿದ್ಯುತ್ ಕೊಡುತ್ತ ಕೂತರೆ ಸುರುಳಿ ಬಿಸಿಯಾಗಿ ಸುಡುತ್ತದೆ.

ವೇಗ ಮತ್ತು ಸೂಜಿಯ ಸ್ಥಾನದ ನಂಟನ್ನು ಒಂದು ಲೆಕ್ಕದಿಂದ ನೋಡೋಣ. ಯಂತ್ರ ನಿಮಿಷಕ್ಕೆ 800 ಹೊಲಿಗೆಯ ವೇಗದಲ್ಲಿದೆ ಎಂದುಕೊಳ್ಳಿ. ಮೂಲೆ ಬಂತೆಂದು ಕಣ್ಣು ಕಂಡು ಕಾಲು ಮೇಲೇಳಲು ಕಾಲು ಸೆಕೆಂಡ್ ಹಿಡಿಯಿತೆಂದರೂ ಅಷ್ಟರಲ್ಲಿ ಮೂರಕ್ಕಿಂತ ಹೆಚ್ಚು ಹೊಲಿಗೆ, ಅಂದರೆ ಸುಮಾರು 8 ಮಿ.ಮೀ. ಹೊಲಿಗೆ, ಬಿದ್ದಿರುತ್ತದೆ. ಕಾಲು ತೆಗೆದ ಮೇಲೂ ಭಾರದ ಚಕ್ರ ತನ್ನ ಓಟದಲ್ಲಿ ಮತ್ತೆ ಒಂದೆರಡು ಹೊಲಿಗೆ ಹಾಕುತ್ತದೆ. ಅದೇ ಯಂತ್ರ 200 ಹೊಲಿಗೆಯ ವೇಗದಲ್ಲಿದ್ದರೆ ಆ ಕಾಲು ಸೆಕೆಂಡಿನಲ್ಲಿ ಒಂದು ಹೊಲಿಗೆಯೂ ಪೂರ್ತಿಯಾಗುವುದಿಲ್ಲ. ಮೂಲೆ ತಪ್ಪುವುದು ನಿಮ್ಮ ಕೈಗುಣದಿಂದಲ್ಲ, ಮೂಲೆಗೆ ಬರುವಾಗಿನ ವೇಗದಿಂದ.

ಪೆಡಲನ್ನು ಹಿಡಿತದಲ್ಲಿಡಲು ಹಿಮ್ಮಡಿಯನ್ನು ನೆಲಕ್ಕೆ ಊರಿ ಮುಂಗಾಲನ್ನು ಮಾತ್ರ ಬಾಗಿಸಿ. ಇಡೀ ಕಾಲನ್ನು ಪೆಡಲಿನ ಮೇಲೆ ಇಟ್ಟರೆ ತೊಡೆಯ ಭಾರವೇ ವೇಗವನ್ನು ನಿರ್ಧರಿಸುತ್ತದೆ. ದಪ್ಪ ಅಟ್ಟೆಯ ಚಪ್ಪಲಿ ಬೇಡ. ಬರಿಗಾಲಾದರೆ ನೆಲ ಒಣಗಿರಬೇಕು. ನುಣುಪಾದ ಟೈಲ್ಸ್ ನೆಲದಲ್ಲಿ ಪೆಡಲ್ ಜಾರಿ ಹಿಂದೆ ಹೋಗುವುದರಿಂದ ಅದರಡಿಗೆ ರಬ್ಬರ್ ಹಾಸು ಹಾಕಿ. ಅಷ್ಟಾದರೂ ವೇಗ ಮೀರುತ್ತಿದ್ದರೆ, ಪೆಡಲಿನ ಮೇಲ್ಮುಚ್ಚಳ ಪೂರ್ತಿ ಕೆಳಗಿಳಿಯದಂತೆ ಅದರ ಮುಂದಂಚಿನಡಿ ಹೊರಗಿನಿಂದ ಒಂದು ಚಿಕ್ಕ ಮರದ ಚಕ್ಕೆ ಅಥವಾ ರಬ್ಬರ್ ತುಂಡನ್ನು ಅಡ್ಡ ಇಡಬಹುದು. ಹಳೆಯ ಬಗೆಯ ಪೆಡಲ್‌ಗಳು ಕೆಲಸ ಮಾಡುತ್ತ ಬಿಸಿಯಾಗುವುದು ಸಹಜ. ಆದ್ದರಿಂದ ಒಳಗೆ ಸ್ಪಂಜು ತುರುಕುವುದು, ಗಾಳಿಕಂಡಿಗಳನ್ನು ಮುಚ್ಚುವುದು, ಪೆಡಲನ್ನು ಬಟ್ಟೆ ರಾಶಿಯ ನಡುವೆ ಬಿಡುವುದು ಅಪಾಯ.

ಫ್ಯಾನಿನ ರೆಗ್ಯುಲೇಟರ್ ಹಾಕಿ ವೇಗ ತಗ್ಗಿಸಬಹುದೇ ಎಂದು ಕೇಳುವವರಿದ್ದಾರೆ. ಬೇಡ. ಅದು ಫ್ಯಾನಿನ ಮೋಟರಿಗಾಗಿ ಮಾಡಿದ್ದು, ಈ ಬಗೆಯ ಮೋಟರಿಗಲ್ಲ. ನಿಧಾನವೇ ಬೇಕಿದ್ದರೆ ಮೋಟರಿನ ತುದಿಗೆ ಇನ್ನೂ ಚಿಕ್ಕ ಗಾಲಿ ಹಾಕಿಸಿ. ವೇಗ ತಗ್ಗುತ್ತದೆ, ಎಳೆಯುವ ಕಸುವು ಹೆಚ್ಚುತ್ತದೆ. ಮೋಟರಿನ ಬೆಲ್ಟನ್ನು ಬೆರಳಿನಿಂದ ಒತ್ತಿದಾಗ ಸುಮಾರು 1 ಸೆಂ.ಮೀ. ಒಳಕ್ಕೆ ಹೋಗುವಂತಿರಲಿ. ಇದಕ್ಕಿಂತ ಬಿಗಿಯಾದರೆ ಯಂತ್ರ ಹೊರಡಲು ಇನ್ನೂ ಹೆಚ್ಚು ಒತ್ತಬೇಕಾಗುತ್ತದೆ, ಮತ್ತೆ ಅದೇ ಹಾರಾಟ. ಕಪ್ಪು ಯಂತ್ರಕ್ಕೆ ಮೋಟರ್ ಹಾಕಿಸಿದವರು ಕೆಳಗಿನ ಚರ್ಮದ ಬೆಲ್ಟನ್ನು ಕಳಚಿಡಬೇಕು. ಇಲ್ಲದಿದ್ದರೆ ದೊಡ್ಡ ಚಕ್ರವೂ ಜೊತೆಗೇ ಸುತ್ತುತ್ತದೆ, ಕೆಳಗೆ ಆಡುವ ಮಕ್ಕಳ ಬೆರಳಿಗೆ ಅದು ಅಪಾಯ.

6. ಆರಂಭ

ಮೇಲಿನ ದಾರ ಮತ್ತು ಬಾಬಿನ್ ದಾರ ಎರಡನ್ನೂ 10 ಸೆಂ.ಮೀ.ನಷ್ಟು ಉದ್ದ ಬಿಟ್ಟು, ಒತ್ತುಪಾದದ ಅಡಿಯಿಂದ ಹಿಂದಕ್ಕೆ ಹಾಯಿಸಿ. ಬಟ್ಟೆಯನ್ನು ಇಟ್ಟು, ಹೊಲಿಗೆ ಶುರುವಾಗಬೇಕಾದ ಜಾಗಕ್ಕೆ ಸರಿಯಾಗಿ ಸೂಜಿಯನ್ನು ಕೈಚಕ್ರದಿಂದ ಇಳಿಸಿ, ಅದಾದ ಮೇಲೆ ಒತ್ತುಪಾದ ಇಳಿಸಿ. ಮೊದಲ ಮೂರು ಹೊಲಿಗೆ ಬೀಳುವವರೆಗೆ ದಾರದ ಎರಡೂ ತುದಿಗಳನ್ನು ಎಡಗೈಯ ಬೆರಳಲ್ಲಿ ಹಿಡಿದಿಟ್ಟುಕೊಳ್ಳಿ. ಬಟ್ಟೆಯ ಕಟ್ಟಂಚಿನಿಂದಲೇ ಶುರುಮಾಡಿದರೆ ತೆಳು ಬಟ್ಟೆಯನ್ನು ಹಲ್ಲುಪಟ್ಟಿ, ಬಟ್ಟೆಯಡಿಯ ಲೋಹದ ತಟ್ಟೆಯಲ್ಲಿ ಸೂಜಿ ಇಳಿಯುವ ರಂಧ್ರದೊಳಕ್ಕೆ ಎಳೆದುಕೊಳ್ಳುತ್ತದೆ. ಸೀರೆಗೆ ಫಾಲ್ ಹಚ್ಚುವವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಅಂಚಿನಿಂದ 5 ಮಿ.ಮೀ. ಒಳಗೆ ಶುರುಮಾಡಿ, ಹಿಂದಕ್ಕೆ ಹೊಲಿದು, ಮತ್ತೆ ಮುಂದೆ ಬನ್ನಿ.

7. ಚೌಕ ಕತ್ತಿನ ಮೂಲೆ

ತಿರುಗಬೇಕಾದ ನಿಖರವಾದ ಜಾಗಕ್ಕೆ ಸೀಮೆಸುಣ್ಣದ ಚುಕ್ಕೆ ಇಡಿ. ಅದಕ್ಕಿಂತ ಎರಡು ಇಂಚು ಹಿಂದೆ ಒಂದು ಅಡ್ಡಗೆರೆ ಎಳೆಯಿರಿ. ಅಡ್ಡಗೆರೆ ಬಂದೊಡನೆ ವೇಗವನ್ನು ಅರ್ಧಕ್ಕಿಳಿಸಿ. ಚುಕ್ಕೆಗೆ 1 ಸೆಂ.ಮೀ. ಉಳಿದಾಗ ಕಾಲನ್ನು ಪೂರ್ತಿ ತೆಗೆದು, ಉಳಿದ ನಾಲ್ಕು ಹೊಲಿಗೆಗಳನ್ನು ಕೈಚಕ್ರದಿಂದಲೇ ಹಾಕಿ. ಕೊನೆಯ ಹೊಲಿಗೆ ಚುಕ್ಕೆಯನ್ನು ಮೀರುತ್ತದೆ ಎನಿಸಿದರೆ ಬಟ್ಟೆಯನ್ನು ಎಳೆದು ಸರಿಪಡಿಸಬೇಡಿ, ಸೂಜಿ ಬಾಗಿ ತಟ್ಟೆಗೆ ಬಡಿದು ಮುರಿಯುತ್ತದೆ. ಹೊಲಿಗೆಯ ಉದ್ದವನ್ನು ಅರ್ಧಕ್ಕೆ ಇಳಿಸಿ ಆ ಒಂದು ಹೊಲಿಗೆಯನ್ನು ಗಿಡ್ಡವಾಗಿ ಹಾಕಿ.

ಸೂಜಿ ಚುಕ್ಕೆಯ ಮೇಲೆ ಇಳಿದ ಬಳಿಕ ಬಿಳಿ ಗುರುತು ಮೇಲೆ ಬರುವಂತೆ ನಿಲ್ಲಿಸಿ. ಸೂಜಿ ಇನ್ನೂ ಇಳಿಯುತ್ತಿರುವಾಗಲೇ ಬಟ್ಟೆ ತಿರುಗಿಸಿದರೆ ದಾರ ಸೂಜಿಗೆ ಸುತ್ತಿಕೊಂಡು ಕುಣಿಕೆ ಕೆಡುತ್ತದೆ, ಸರಿಯಾಗಿ ಮೂಲೆಯಲ್ಲೇ ಹೊಲಿಗೆ ತಪ್ಪುತ್ತದೆ. ಸೂಜಿ ತಳ ಮುಟ್ಟಿ ಏರತೊಡಗಿದ್ದರೆ ಹುಕ್ಕು ಆಗಲೇ ಕುಣಿಕೆಯನ್ನು ಹಿಡಿಯುವ ಹಾದಿಯಲ್ಲಿರುತ್ತದೆ. ಈಗ ಒತ್ತುಪಾದವನ್ನು ಎತ್ತಿ, ಸೂಜಿಯನ್ನೇ ಗೂಟವಾಗಿ ಮಾಡಿಕೊಂಡು ಬಟ್ಟೆಯನ್ನು ತಿರುಗಿಸಿ, ಪಾದ ಇಳಿಸಿ, ಮೊದಲ ಎರಡು ಹೊಲಿಗೆ ಕೈಯಿಂದ ಹಾಕಿ, ಆಮೇಲೆ ಕಾಲಿಗೆ ಕೆಲಸ ಕೊಡಿ. ಒತ್ತುಪಾದ ಇಳಿಸಲು ಮರೆತು ಓಡಿಸಿದರೆ ಅಡಿಯಲ್ಲಿ ದಾರದ ಗೂಡು ಖಂಡಿತ. ಪಳಗಿದವರೂ ಮಾಡುವ ತಪ್ಪು ಇದು.

ದುಂಡು ಕತ್ತಿಗೂ ಇದೇ ರೀತಿ, ಆದರೆ ಬಿಗಿಯಾದ ತಿರುವಿನಲ್ಲಿ ಮಾತ್ರ. ನಾಲ್ಕೈದು ಹೊಲಿಗೆಗೊಮ್ಮೆ ಬಿಳಿ ಗುರುತಿಗೆ ನಿಲ್ಲಿಸಿ, ಪಾದ ಎತ್ತಿ, ಬಟ್ಟೆಯನ್ನು ಸ್ವಲ್ಪವೇ ತಿರುಗಿಸಿ. ಶರ್ಟಿನ ಕಾಲರ್ ತುದಿಯಂತಹ ಚೂಪು ಮೂಲೆಯಲ್ಲಿ ತುದಿಗೆ ಅಡ್ಡವಾಗಿ ಒಂದು ಹೊಲಿಗೆ ಹಾಕಿ ತಿರುಗಿದರೆ ಮಗುಚಿದಾಗ ತುದಿ ಚೆನ್ನಾಗಿ ಹೊರಬರುತ್ತದೆ.

8. ದಪ್ಪ ಮಡಿಕೆ

ಪ್ಯಾಂಟಿನ ಕೆಳಮಡಿಕೆಯ ಗಂಟು ಬಂದಾಗ ಒತ್ತುಪಾದ ಮೇಲ್ಮುಖವಾಗಿ ವಾಲುತ್ತದೆ, ಬಟ್ಟೆ ಸರಿಯುವುದು ನಿಲ್ಲುತ್ತದೆ, ಹೆದರಿ ಪೆಡಲ್ ಒತ್ತಿದರೆ ಸೂಜಿ ಮುರಿಯುತ್ತದೆ. ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಪಾದ ಎತ್ತಿ, ಅದರ ಹಿಂಭಾಗದಡಿಗೆ ಅಷ್ಟೇ ದಪ್ಪಕ್ಕೆ ಮಡಿಸಿದ ಬಟ್ಟೆ ಚೂರನ್ನು ಇಟ್ಟು ಪಾದವನ್ನು ಸಮಮಾಡಿ. ಗಂಟು ದಾಟುವವರೆಗೆ ಪ್ರತಿ ಹೊಲಿಗೆಯೂ ಕೈಚಕ್ರದ್ದೇ.

9. ಮುಗಿಸುವುದು

ಕೊನೆಯಲ್ಲಿ ಮೂರು ನಾಲ್ಕು ಹೊಲಿಗೆ ಹಿಂದಕ್ಕೆ ಹಾಕಿ, ಕೆಂಪು ಗುರುತು ಮೇಲೆ ಬರುವವರೆಗೆ ಚಕ್ರವನ್ನು ನಿಮ್ಮ ಕಡೆಗೇ ತಿರುಗಿಸಿ. ಗುರುತು ದಾಟಿಹೋದರೆ ಹಿಂದಕ್ಕೆ ತಿರುಗಿಸಬೇಡಿ, ಇನ್ನೊಂದು ಸುತ್ತು ಮುಂದೆ ಹೋಗಿ. ಆಮೇಲೆ ಪಾದ ಎತ್ತಿ, ಬಟ್ಟೆಯನ್ನು ಎಡ ಹಿಂಬದಿಗೆ ಎಳೆಯಿರಿ. ಬಟ್ಟೆ ಸಲೀಸಾಗಿ ಬರದೆ ಅಡಿಯಲ್ಲಿ ಎರಡು ಮೂರು ಎಳೆ ಕಾಣಿಸಿದರೆ ಲಿವರ್ ತುದಿಯಲ್ಲಿಲ್ಲ ಎಂದೇ ಅರ್ಥ. ಬಲವಂತವಾಗಿ ಎಳೆದರೆ ಸೂಜಿ ಬಾಗುತ್ತದೆ, ಕಣ್ಣಿಗೆ ಕಾಣದಷ್ಟು ಬಾಗಿದರೂ ಮುಂದಿನ ಹೊಲಿಗೆಗಳು ತಪ್ಪತೊಡಗುತ್ತವೆ.

10. ಸೂಜಿಯ ಎಡ ಬಲ ಸ್ಥಾನ: ಜಿಗ್‌ಜಾಗ್ ಯಂತ್ರದವರಿಗೆ ಮಾತ್ರ

ನೇರ ಹೊಲಿಗೆಯ ಕಪ್ಪು ಯಂತ್ರದಲ್ಲಿ ಸೂಜಿ ಪಕ್ಕಕ್ಕೆ ಸರಿಯುವುದಿಲ್ಲ. ಜಿಗ್‌ಜಾಗ್ ಯಂತ್ರದಲ್ಲಿ ಸರಿಯುತ್ತದೆ. ಜಿಪ್ ಹಾಕುವಾಗ, ಪೈಪಿಂಗಿನ ಅಂಚಿಗೆ ಅಂಟಿಕೊಂಡು ಹೊಲಿಯುವಾಗ ಇದು ಬಹಳ ಉಪಯೋಗಿ. ನಿಯಮ ಒಂದೇ: ಸೂಜಿ ಬಟ್ಟೆಯಿಂದ ಪೂರ್ತಿ ಹೊರಗಿದ್ದಾಗ ಮಾತ್ರ ಸ್ಥಾನ ಬದಲಿಸಿ, ಬದಲಿಸಿದ ಮೇಲೆ ಒಂದು ಸುತ್ತು ಕೈಯಿಂದ ತಿರುಗಿಸಿ ಸೂಜಿ ಒತ್ತುಪಾದಕ್ಕೂ ತಟ್ಟೆಗೂ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಒಂದೇ ದುಂಡು ರಂಧ್ರದ ತಟ್ಟೆ ಅಥವಾ ಪಾದವನ್ನು ಹಾಕಿಟ್ಟು ಜಿಗ್‌ಜಾಗ್‌ಗೆ ತಿರುಗಿಸಿದರೆ ಮೊದಲ ಹೊಲಿಗೆಯಲ್ಲೇ ಸೂಜಿ ಮುರಿದು ಚೂರು ಹಾರುತ್ತದೆ.

ಗಾರ್ಮೆಂಟ್ಸ್‌ನಿಂದ ಬಂದವರಿಗೆ ಒಂದು ಮಾತು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಸರ್ವೋ ಮೋಟರಿನ ಯಂತ್ರಗಳ ಮೇಲೆ ಕೆಲಸ ಮಾಡಿ ಮನೆಯಲ್ಲಿ ಹೊಲಿಯಲು ಕೂತವರು ಕಾಲು ತೆಗೆದೊಡನೆ ಸೂಜಿ ತಾನಾಗಿ ನಿಲ್ಲುತ್ತದೆ ಎಂದು ಕಾಯುತ್ತಾರೆ, ಹಿಮ್ಮಡಿ ಒತ್ತಿದರೆ ದಾರ ಕತ್ತರಿಸುತ್ತದೆ ಎಂದು ಒತ್ತುತ್ತಾರೆ. ಆ ಯಂತ್ರಗಳಲ್ಲಿ ಚಕ್ರದ ಬಳಿಯ ಸಂವೇದಕವೊಂದು ಸೂಜಿಯ ಸ್ಥಾನವನ್ನು ಅಳೆದು ಮೋಟರಿಗೆ ತಿಳಿಸುತ್ತಿರುತ್ತದೆ. ಮನೆಯ ಯಂತ್ರದಲ್ಲಿ ಅದಿಲ್ಲ. ಕಾರ್ಖಾನೆ ಮಾದರಿಯ ಮೇಜು ಮತ್ತು ಯಂತ್ರ ನಿಮ್ಮಲ್ಲಿದ್ದರೆ ಸರ್ವೋ ಮೋಟರ್ ಹಾಕಿಸಿಕೊಳ್ಳುವುದು ನಿಜಕ್ಕೂ ಒಳ್ಳೆಯದು, ಅದರಲ್ಲಿ ಗರಿಷ್ಠ ವೇಗವನ್ನು ಗುಂಡಿಯಿಂದಲೇ ಕಟ್ಟಿಹಾಕಬಹುದು. ಚಿಕ್ಕ ಮನೆ ಯಂತ್ರಕ್ಕೆ ಅಷ್ಟು ಖರ್ಚು ಮಾಡುವುದು ನನಗೆ ಸರಿಯೆನಿಸುವುದಿಲ್ಲ.

ದಿನದ ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು, ಒತ್ತುಪಾದದಡಿ ಎರಡು ಮಡಿಕೆಯ ಬಟ್ಟೆ ಚೂರಿಟ್ಟು, ಪಾದವನ್ನೂ ಸೂಜಿಯನ್ನೂ ಅದರ ಮೇಲೆ ಇಳಿಸಿಡಿ. ಮರುದಿನ ಕುಳಿತಾಗ ಮೊದಲು ಕೈಚಕ್ರವನ್ನು ಎರಡು ಸುತ್ತು ತಿರುಗಿಸಿ ನೋಡಿ. ಚಕ್ರ ನಿನ್ನೆಗಿಂತ ಬಿಗಿಯಾಗಿದ್ದರೆ ಎಣ್ಣೆ ಬಿಡಿ, ಹುಕ್ಕಿನ ಸುತ್ತ ದಾರದ ಚೂರು ಸಿಕ್ಕಿಕೊಂಡಿದೆಯೇ ನೋಡಿ, ಆಮೇಲೆ ಪೆಡಲ್ ಮುಟ್ಟಿ.